ಟಿಎಸ್‌ಎಚ್ ತುಸು ಹೆಚ್ಚು: ರೋಗವೋ, ಅಲ್ಲವೋ?

ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳ ರಕ್ತಪರೀಕ್ಷೆಯ ರಿಪೋರ್ಟ್ ಹೀಗಿದೆ ಎಂದುಕೊಳ್ಳಿ. ಟಿಎಸ್‌ಎಚ್ 6.2, ಲ್ಯಾಬ್ ಕೊಟ್ಟಿರುವ ಮಿತಿ 0.4ರಿಂದ 4.2. ಅದರ ಕೆಳಗೆ ಫ್ರೀ ಟಿ4 1.1, ಮಿತಿಯೊಳಗೇ ಇದೆ. ಅವಳಿಗೋ ತಿಂಗಳುಗಳಿಂದ ಬಿಡದ ಸುಸ್ತು, ಮಲಬದ್ಧತೆ, ಬಾಚಿದಷ್ಟೂ ಉದುರುವ ಕೂದಲು, ಮುಟ್ಟಿನಲ್ಲಿ ಏರುಪೇರು. ಒಬ್ಬ ವೈದ್ಯರು ‘ಏನೂ ಇಲ್ಲಮ್ಮ, ಸ್ವಲ್ಪ ರೆಸ್ಟ್ ತಗೊಳ್ಳಿ’ ಎಂದು ಕಳಿಸುತ್ತಾರೆ. ಇನ್ನೊಬ್ಬರು ಅದೇ ರಿಪೋರ್ಟ್ ನೋಡಿ ಜೀವನಪೂರ್ತಿ ನುಂಗಬೇಕೆಂದು ಮಾತ್ರೆ ಬರೆದುಕೊಡುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಗಡಿಯಂಚಿನ ಒಂದೇ ಒಂದು ಅಂಕಿಯನ್ನು ನೋಡಿ ರೋಗವಿದೆ ಎಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು.

ಇದು ಅಪರೂಪದ ಸಂಗತಿಯಲ್ಲ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರು ವಯಸ್ಕರಲ್ಲಿ ಸುಮಾರು ಎಂಟು ಮಂದಿಯ ರಕ್ತ ಹೀಗೇ ಇತ್ತು: ಟಿಎಸ್‌ಎಚ್ ಹೆಚ್ಚು, ಟಿ4 ಸರಿ. ವೈದ್ಯರು ಇದನ್ನು ಸಬ್‌ಕ್ಲಿನಿಕಲ್ ಹೈಪೊಥೈರಾಯ್ಡಿಸಂ ಎನ್ನುತ್ತಾರೆ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವ ಹಾರ್ಮೋನ್ ಅಲ್ಲ. ಅದನ್ನು ಸ್ರವಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ. ಕತ್ತಿನ ಮುಂಭಾಗದ ಥೈರಾಯ್ಡ್ ತಯಾರಿಸುವ ಟಿ4 ಕಡಿಮೆಯಾದಂತೆ, ಆಳು ನಿಧಾನಿಸಿದಾಗ ಮೇಸ್ತ್ರಿಯ ದನಿ ಏರುವ ಹಾಗೆ, ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸುತ್ತದೆ. ಈ ಏರಿಕೆ ಸಮಪ್ರಮಾಣದ್ದಲ್ಲ. ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಹತ್ತಾರು ಪಟ್ಟು ಏರಬಲ್ಲದು. ಇನ್ನೊಂದು ಮಾತು: ಲ್ಯಾಬ್‌ನ ಮಿತಿ ಬಹಳ ಜನರ ರಕ್ತ ನೋಡಿ ಹಾಕಿದ್ದು. ಆರೋಗ್ಯವಂತರಲ್ಲಿ ಒಬ್ಬೊಬ್ಬರ ಟಿ4 ಅದಕ್ಕಿಂತ ತೀರ ಕಿರಿದಾದ ವ್ಯಾಪ್ತಿಯಲ್ಲೇ ಓಡಾಡುತ್ತದೆ. ಸದಾ 1.5 ಇರುತ್ತಿದ್ದವಳಿಗೆ 1.1 ಕಡಿಮೆಯೇ; ಆದರೆ ರಿಪೋರ್ಟ್ ಅದನ್ನು ಸರಿ ಎಂದೇ ತೋರಿಸುತ್ತದೆ. ಟಿ4 ಮಿತಿಯೊಳಗಿದ್ದೂ ಟಿಎಸ್‌ಎಚ್ ಏರುವುದು ಸಾಧ್ಯವಾಗುವುದು ಹೀಗೆ.

ಹಾಗೆಂದು ಏರಿದ ಟಿಎಸ್‌ಎಚ್ ಎಲ್ಲವೂ ರೋಗದ್ದಲ್ಲ. ಅದು ರಾತ್ರಿ ಮೇಲೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಕೆಲವು ವಾರ ಹೆಚ್ಚಿರಬಹುದು. ಲಿಥಿಯಂ, ಅಮಿಯೋಡರೋನ್‌ನಂಥ ಔಷಧಗಳೂ ಅದನ್ನು ಏರಿಸಬಲ್ಲವು. ಹೆರಿಗೆಯಾದ ಒಂದು ವರ್ಷದೊಳಗೆ ಥೈರಾಯ್ಡ್ ಊತಗೊಂಡು, ಕೆಲವು ತಿಂಗಳು ಸೋತು, ಮತ್ತೆ ತಾನಾಗಿ ಚೇತರಿಸಿಕೊಳ್ಳುವುದೂ ಉಂಟು. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜವೇ. ಎಂಬತ್ತರ ಅಜ್ಜಿಯ 6ಕ್ಕೂ ಇಪ್ಪತ್ತೈದರ ಮೊಮ್ಮಗಳ 6ಕ್ಕೂ ಒಂದೇ ಅರ್ಥವಿಲ್ಲ.

ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ. ಕೂದಲು ಉದುರುತ್ತದೆಂದು ಎಷ್ಟೋ ಮಂದಿ ತಾವೇ ಬಯೋಟಿನ್ ಮಾತ್ರೆ ಕೊಂಡು ನುಂಗುತ್ತಾರೆ. ಬಯೋಟಿನ್ ಬಳಸಿಯೇ ನಡೆಯುವ ಕೆಲವು ಬಗೆಯ ಪರೀಕ್ಷೆಗಳಲ್ಲಿ, ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರುತ್ತದೆ, ಟಿ4 ಇರುವುದಕ್ಕಿಂತ ಹೆಚ್ಚು. ಅಲ್ಲಿಗೆ ಕೂದಲು ಉದುರಲು ನಿಜವಾದ ಕಾರಣವೇ ರಿಪೋರ್ಟ್‌ನಲ್ಲಿ ಮರೆಯಾಗಿ ಹೋಗಬಹುದು. ಅಂಥ ಮಾತ್ರೆ ನುಂಗುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಪರೀಕ್ಷೆಗೆ ಕಡೇ ಪಕ್ಷ ಎರಡು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ.

ಆದ್ದರಿಂದ ಗಡಿಯಂಚಿನ ರಿಪೋರ್ಟ್ ಬಂದಾಗ ಮೊದಲ ಹೆಜ್ಜೆ ಮತ್ತೊಮ್ಮೆ ಪರೀಕ್ಷೆ. ತುರ್ತಿಲ್ಲದಿದ್ದರೆ ಎರಡು ಮೂರು ತಿಂಗಳ ಅಂತರವಿರಲಿ. ಅದೇ ಲ್ಯಾಬ್, ಅದೇ ಬೆಳಗಿನ ಹೊತ್ತು ಆದರೆ ಎರಡು ಅಂಕಿಗಳನ್ನು ನ್ಯಾಯವಾಗಿ ಹೋಲಿಸಬಹುದು. ಅನೇಕರಲ್ಲಿ ಎರಡನೆಯ ಸಲ ಟಿಎಸ್‌ಎಚ್ ತಾನಾಗಿ ಮಿತಿಯೊಳಕ್ಕೆ ಬಂದಿರುತ್ತದೆ.

ಬರದಿದ್ದರೆ ಆ್ಯಂಟಿ ಟಿಪಿಒ ಪರೀಕ್ಷೆ ಬಹಳ ಹೇಳುತ್ತದೆ. ಇದು ದೇಹ ತನ್ನದೇ ಥೈರಾಯ್ಡ್ ವಿರುದ್ಧ ತಯಾರಿಸಿಕೊಂಡ ಪ್ರತಿಕಾಯದ ಲೆಕ್ಕ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ನಾಲ್ವರು ಮಹಿಳೆಯರ ಊದಿದ ಗ್ರಂಥಿಗಳಲ್ಲಿ ಬಿಳಿ ರಕ್ತಕಣಗಳು ತುಂಬಿಕೊಂಡಿದ್ದನ್ನು ಕಂಡು ವರ್ಣಿಸಿದ್ದು, ದೇಹವೇ ಹೀಗೆ ಥೈರಾಯ್ಡ್ ಮೇಲೆ ತಿರುಗಿಬೀಳುವ ಕಾಯಿಲೆಯನ್ನೇ. ಬ್ರಿಟನ್ನಿನ ವಿಕಮ್‌ ಎಂಬಲ್ಲಿ 1970ರ ದಶಕದಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಅಧ್ಯಯನದಲ್ಲಿ, ಟಿಎಸ್‌ಎಚ್ ಏರಿಕೆಯೂ ಪ್ರತಿಕಾಯವೂ ಎರಡೂ ಇದ್ದ ಮಹಿಳೆಯರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ನಾಲ್ವರು ಪೂರ್ಣ ಹೈಪೊಥೈರಾಯ್ಡಿಸಂಗೆ ಜಾರಿದರು. ಟಿಎಸ್‌ಎಚ್ ಮಾತ್ರ ಏರಿದ್ದವರಲ್ಲಿ ಈ ಪ್ರಮಾಣ ಎರಡೂವರೆಯ ಆಸುಪಾಸು. ಅಂದರೆ ಪ್ರತಿಕಾಯ ಇದ್ದವರ ಮೇಲೆ ವರ್ಷ ವರ್ಷವೂ ಕಣ್ಣಿಡಬೇಕು.

ಮಾತ್ರೆ ಯಾರಿಗೆ? ಎರಡು ಸಲವೂ ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲಿವೊಥೈರಾಕ್ಸಿನ್ ಶುರುಮಾಡುತ್ತಾರೆ. ಗರ್ಭಿಣಿಯರ, ಗರ್ಭ ಧರಿಸಲು ಬಯಸುವವರ ಲೆಕ್ಕವೇ ಬೇರೆ: ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನೆಚ್ಚಿರುವುದರಿಂದ ಅಲ್ಲಿ ತಿಂಗಳುಗಟ್ಟಲೆ ಕಾಯುವಂತಿಲ್ಲ. 65 ದಾಟಿದವರಲ್ಲಿ ಅವಸರ ಬೇಡ. ಯುರೋಪಿನಲ್ಲಿ ಈ ವಯಸ್ಸಿನ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಟ್ರಸ್ಟ್ ಪ್ರಯೋಗದಲ್ಲಿ, ಮಾತ್ರೆಯಿಂದ ಸುಸ್ತಾಗಲಿ ಇತರ ತೊಂದರೆಗಳಾಗಲಿ ಕಡಿಮೆಯಾಗಲಿಲ್ಲ. ಅನಗತ್ಯ ಹಾರ್ಮೋನ್ ಮಿತಿಮೀರಿದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ನಡುವಯಸ್ಸಿನವರಿಗೆ, 4ರಿಂದ 10ರ ನಡುವೆ ಸಿಕ್ಕಿಕೊಂಡವರಿಗೆ, ಲಕ್ಷಣಗಳು ನಿಜಕ್ಕೂ ಕಾಡುತ್ತಿದ್ದರೆ ಆರು ತಿಂಗಳು ಮಾತ್ರೆ ಕೊಟ್ಟು ನೋಡಿ, ಗುಣ ಕಾಣದಿದ್ದರೆ ನಿಲ್ಲಿಸುವ ದಾರಿಯೂ ಇದೆ.

ರಿಪೋರ್ಟ್‌ನಷ್ಟೇ ಮುಖ್ಯವಾದದ್ದು ರೋಗಿಯನ್ನು ಮುಟ್ಟಿ ನೋಡುವುದು. 1960ರ ದಶಕದಲ್ಲಿ ಟಿಎಸ್‌ಎಚ್ ಅಳೆಯುವ ವಿಧಾನ ಬರುವ ಮೊದಲೇ ವೈದ್ಯರಿಗೆ ಒಂದು ಉಪಾಯ ಗೊತ್ತಿತ್ತು. ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟುವುದು. ಪಾದ ಥಟ್ಟನೆ ಜಗ್ಗುತ್ತದೆ. ಥೈರಾಯ್ಡ್ ಸೋತವರಲ್ಲಿ ಅದು ಮೊದಲಿನ ಸ್ಥಿತಿಗೆ ನಿಧಾನವಾಗಿ, ತಡೆತಡೆದು ಮರಳುತ್ತದೆ. ಕತ್ತು ಊದಿದೆಯೇ, ಚರ್ಮ ಒಣಗಿದೆಯೇ, ನಾಡಿ ನಿಧಾನವಾಗಿದೆಯೇ ಎಂಬುದನ್ನೂ ನೋಡಬೇಕು. ಸುಸ್ತಿಗೆ ರಕ್ತಹೀನತೆ, ಬಿ12 ಕೊರತೆ, ನಿದ್ದೆಯ ತೊಂದರೆ, ಖಿನ್ನತೆಯೂ ಕಾರಣವಾಗಿರಬಹುದು. ಅವನ್ನು ನೋಡದೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಿದರೆ ನಿಜವಾದ ಕಾಯಿಲೆ ಉಳಿದೇ ಹೋಗುತ್ತದೆ.

ಬರೀ ಟಿಎಸ್‌ಎಚ್ ಮಾಡಿಸಿ ಸುಮ್ಮನಾಗುವುದೂ ಕೆಲವರಿಗೆ ಅಪಾಯ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ಆಮೇಲೆ ಎದೆಹಾಲು ಬಾರದೆ, ಮುಟ್ಟು ಮರಳದೆ ಇದ್ದವಳಲ್ಲಿ ಪಿಟ್ಯುಟರಿಗೇ ಪೆಟ್ಟು ಬಿದ್ದಿರಬಹುದು. ಆಗ ಟಿ4 ಕುಸಿದಿದ್ದರೂ ಟಿಎಸ್‌ಎಚ್ ಏರುವುದೇ ಇಲ್ಲ, ಅಂಕಿ ಸರಿಯಾಗಿಯೇ ಕಾಣುತ್ತದೆ. ಅವಳಿಗೆ ಫ್ರೀ ಟಿ4 ನೋಡಲೇಬೇಕು.

ವೈದ್ಯರ ಬಳಿ ಹೋಗುವಾಗ ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಯ್ಯಿರಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು ಹೇಳಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ತಿಳಿಸಿ. ‘ಮತ್ತೆ ಯಾವಾಗ ಪರೀಕ್ಷೆ ಮಾಡಿಸಲಿ, ಪ್ರತಿಕಾಯ ನೋಡಬೇಕೇ’ ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮ ಸುಸ್ತು ಸುಳ್ಳಲ್ಲ. ಅದಕ್ಕೆ ಥೈರಾಯ್ಡ್ ಕಾರಣವೋ ಬೇರೇನೋ ಎಂಬುದು ಖಚಿತವಾಗುವವರೆಗೆ ಹುಡುಕಾಟ ಬಿಡಬೇಡಿ.