ಉದ್ರಿ ಕೊಡುವ ಮುನ್ನ: ವಿಭೇದಕ ವಿಶ್ಲೇಷಣೆಯಲ್ಲಿ ಸಂಭವನೀಯತೆಯ ಲೆಕ್ಕ

ಕರಿಘಟ್ಟದ ಮೇಲೆ ನಿಂತು ನೋಡುವವರಿಗೆ ಕಾವೇರಿಯನ್ನು ಸೇರುವ ಲೋಕಪಾವನಿ, ಅದರಾಚೆಗೆ ಶ್ರೀರಂಗಪಟ್ಟಣ, ಸುತ್ತಲೂ ಭತ್ತ ಮತ್ತು ಕಬ್ಬಿನ ಗದ್ದೆಗಳು ಕಾಣುತ್ತವೆ. ಈ ಹಸಿರಿನ ಹಿಂದೆ ಉದ್ರಿಯ ಒಂದು ದೊಡ್ಡ ವ್ಯವಹಾರ ನಡೆದಿರುತ್ತದೆ. ನಾಟಿ ಮಾಡಿದ ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಅಲ್ಲಿಯವರೆಗೆ ರೈತನಿಗೆ ಗೊಬ್ಬರ ಬೇಕು, ಔಷಧಿ ಬೇಕು, ಆಳಿನ ಕೂಲಿ ಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಪೇಟೆಗಳ ಗೊಬ್ಬರದಂಗಡಿಯವರಾಗಲಿ, ಆಲೆಮನೆಗಳಿಗೆ ಮುಂಗಡ ಕೊಡುವ ಬೆಲ್ಲದ ಮಂಡಿಯವರಾಗಲಿ ಎದುರಿಸುವ ಪ್ರಶ್ನೆ ಒಂದೇ: ಎದುರಿಗೆ ನಿಂತಿರುವ ಗ್ರಾಹಕ ಹಣ ತೀರಿಸುವವರ ಗುಂಪಿಗೆ ಸೇರಿದವನೇ, ಬಾಕಿ ಉಳಿಸುವವರ ಗುಂಪಿಗೆ ಸೇರಿದವನೇ?

ಅನುಭವಿ ವರ್ತಕ ಈ ಪ್ರಶ್ನೆಗೆ ಮುಖ ನೋಡಿಯೇ ಉತ್ತರ ಹೇಳುತ್ತಾನೆ. ಅನೇಕ ವೇಳೆ ಅದು ಸರಿಯೂ ಇರುತ್ತದೆ. ಆದರೆ ಅಂಗಡಿ ಮಗನ ಕೈಗೆ ಬಂದಾಗ, ಗ್ರಾಹಕರ ಸಂಖ್ಯೆ ನೂರರಿಂದ ಸಾವಿರಕ್ಕೆ ಏರಿದಾಗ, ಖಾತೆ ಪುಸ್ತಕದಲ್ಲಿರುವ ಅನುಭವವನ್ನು ಅಂಕಿಗಳಾಗಿ ಪರಿವರ್ತಿಸುವ ಅಗತ್ಯ ಬೀಳುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕಾಗಿಯೇ ಇರುವ ವಿಧಾನ ವಿಭೇದಕ ವಿಶ್ಲೇಷಣೆ. ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಸಾಲಗಾರರಿಗೆ ಅಂಕ ಹಾಕುವ ಪದ್ಧತಿಯ ಬೇರುಗಳಲ್ಲಿ ಇದೂ ಒಂದು. ಈ ಅಂಕವನ್ನು ಸಂಭವನೀಯತೆಯಾಗಿ ಮಾರ್ಪಡಿಸುವ ಹಂತದಲ್ಲಿ ಹೆಚ್ಚಿನವರು ಎಡವುತ್ತಾರೆ. ಹಾಗೆ ಎಡವಿದಾಗ ನಷ್ಟವಾಗುವುದು ಅಂಗಡಿಯವನಿಗಷ್ಟೇ ಅಲ್ಲ, ತೀರಿಸಬಲ್ಲವನಾಗಿದ್ದೂ ಬರಿಗೈಯಲ್ಲಿ ಹಿಂದಿರುಗುವ ರೈತನಿಗೂ ಹೌದು.

ವಿಧಾನದ ಹಿನ್ನೆಲೆ

1936ರಲ್ಲಿ ಇಂಗ್ಲೆಂಡಿನ ಆರ್. ಎ. ಫಿಶರ್ ಅವರು ಐರಿಸ್ ಎಂಬ ಹೂವಿನ ಮೂರು ಪ್ರಭೇದಗಳಿಂದ ತಲಾ 50ರಂತೆ 150 ಹೂಗಳ ಅಳತೆಗಳನ್ನು ಬಳಸಿ, ಹಲವು ಅಳತೆಗಳನ್ನು ಒಂದೇ ಅಂಕವಾಗಿ ಕೂಡಿಸಿ ಪ್ರಭೇದಗಳನ್ನು ಬೇರ್ಪಡಿಸುವ ಮಾರ್ಗವನ್ನು ತೋರಿಸಿದರು. ಅದೇ ವರ್ಷ ಭಾರತದ ಪಿ. ಸಿ. ಮಹಲನೋಬಿಸ್ ಅವರು, ಒಂದು ಗುಂಪಿನ ಸರಾಸರಿಯಿಂದ ಒಬ್ಬ ವ್ಯಕ್ತಿ ಎಷ್ಟು ದೂರವಿದ್ದಾನೆಂಬುದನ್ನು ಅಳೆಯುವ ಸೂತ್ರವನ್ನು ಪ್ರಕಟಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ.

ಎರಡಕ್ಕಿಂತ ಹೆಚ್ಚು ಗುಂಪುಗಳಿದ್ದಾಗ ವ್ಯಕ್ತಿಯನ್ನು ಯಾವ ಗುಂಪಿಗೆ ಸೇರಿಸಬೇಕೆಂಬುದನ್ನು ಕ್ರಮಬದ್ಧವಾಗಿ ವಿವರಿಸಿದವರಲ್ಲಿ ಪ್ರಮುಖರು ಸಿ. ಆರ್. ರಾವ್. ಅವರು ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ನಮ್ಮ ರಾಜ್ಯದ ಹೂವಿನಹಡಗಲಿಯಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಉತ್ಖನನದಲ್ಲಿ ದೊರೆತ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು 1946ರಲ್ಲಿ ಕೇಂಬ್ರಿಡ್ಜಿಗೆ ತೆರಳಿದ ರಾವ್, ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಬಹು ಅಳತೆಗಳಿಂದ ಗುಂಪು ನಿರ್ಧರಿಸುವ ಬಗೆಗಿನ ಅವರ ಪ್ರಬಂಧ ಅದೇ ವರ್ಷ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡಿತು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಆಗಸ್ಟ್‌ನಲ್ಲಿ ತಮ್ಮ 102ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮಹಲನೋಬಿಸ್ ಸ್ಥಾಪಿಸಿದ, ರಾವ್ ದಶಕಗಳ ಕಾಲ ದುಡಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಇರುವುದು ಮೈಸೂರು ರಸ್ತೆಯಲ್ಲೇ. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸರಕು ತರಲು ಹಳೆಯ ಹೆದ್ದಾರಿಯಲ್ಲಿ ಹೋಗಿಬಂದ ವರ್ತಕರು ಅದರ ಮುಂದೆಯೇ ಹಾದುಹೋಗಿರುತ್ತಾರೆ.

ಒಂದು ಅಂಗಡಿಯ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಗೊಬ್ಬರದಂಗಡಿಯನ್ನು ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳೆಲ್ಲ ವಿವರಣೆಗಾಗಿ ಮಾಡಿಕೊಂಡವು. ಅಂಗಡಿಯವರು ಪ್ರತಿ ಗ್ರಾಹಕನ ಬಗ್ಗೆ ಎರಡು ಸಂಗತಿಗಳನ್ನು ಬರೆದಿಟ್ಟಿದ್ದಾರೆ: ಹಿಂದಿನ ಹಂಗಾಮಿನಲ್ಲಿ ಗಡುವು ದಾಟಿ ಎಷ್ಟು ದಿನ ತಡವಾಗಿ ಹಣ ಕೊಟ್ಟನು, ಮತ್ತು ಅವನ ಒಟ್ಟು ಸಾಲ ನಿರೀಕ್ಷಿತ ಬೆಳೆಯ ಬೆಲೆಯಲ್ಲಿ ಶೇಕಡ ಎಷ್ಟು. ಕೊನೆಗೆ ಹಣ ತೀರಿಸಿದವರ ಸರಾಸರಿ 20 ದಿನ ಹಾಗೂ ಶೇ. 30. ಬಾಕಿ ಉಳಿಸಿದವರ ಸರಾಸರಿ 50 ದಿನ ಹಾಗೂ ಶೇ. 50. ಎರಡೂ ಗುಂಪುಗಳಲ್ಲಿ ಏರಿಳಿತದ ಅಳತೆ, ಅಂದರೆ ಮಾನಕ ವಿಚಲನೆ, ದಿನಗಳಲ್ಲಿ 15 ಮತ್ತು ಶೇಕಡದಲ್ಲಿ 10. ಎರಡು ಸಂಗತಿಗಳ ನಡುವೆ ಪರಸ್ಪರ ಸಂಬಂಧವಿಲ್ಲವೆಂದು ಸದ್ಯಕ್ಕೆ ಭಾವಿಸೋಣ.

ಈಗ ಒಬ್ಬ ಗ್ರಾಹಕ ಬರುತ್ತಾನೆ. ಅವನ ವಿಳಂಬ 38 ದಿನ, ಸಾಲ ಶೇ. 41. ತೀರಿಸುವವರ ಸರಾಸರಿಯಿಂದ ಅವನು 18 ದಿನ ದೂರ. 15ರಿಂದ ಭಾಗಿಸಿ ವರ್ಗ ಮಾಡಿದರೆ 1.44. ಶೇಕಡದಲ್ಲಿ 11ರ ಅಂತರ. 10ರಿಂದ ಭಾಗಿಸಿ ವರ್ಗ ಮಾಡಿದರೆ 1.21. ಒಟ್ಟು 2.65. ಇದೇ ರೀತಿ ಬಾಕಿ ಉಳಿಸುವವರ ಸರಾಸರಿಯಿಂದ ಅವನ ದೂರ 0.64 ಮತ್ತು 0.81 ಕೂಡಿ 1.45. ಮಹಲನೋಬಿಸ್ ಅವರ ದೂರದ ವರ್ಗವೆಂದರೆ ಇದೇ. ಎರಡು ಸಂಗತಿಗಳ ನಡುವೆ ಸಂಬಂಧವಿದ್ದರೆ, ಅಂದರೆ ತಡ ಮಾಡುವವರೇ ಹೆಚ್ಚು ಸಾಲವನ್ನೂ ಹೊತ್ತಿದ್ದರೆ, ಒಂದೇ ಕಥೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಪೂರ್ಣ ಸೂತ್ರ ಆ ಪುನರಾವರ್ತನೆಯನ್ನು ತೆಗೆದುಹಾಕುತ್ತದೆ. ಅದಕ್ಕೆ ಗಣಕಯಂತ್ರ ಬೇಕು.

ಗ್ರಾಹಕ ಬಾಕಿ ಗುಂಪಿಗೆ ಹತ್ತಿರವಾಗಿದ್ದಾನೆ. ಅನೇಕರು ಇಲ್ಲಿಗೇ ನಿಲ್ಲಿಸಿ ಉದ್ರಿ ನಿರಾಕರಿಸುತ್ತಾರೆ. ಆದರೆ ಎಷ್ಟು ಹತ್ತಿರ? ಎರಡು ದೂರಗಳ ವ್ಯತ್ಯಾಸ 1.20, ಅದರ ಅರ್ಧ 0.6. ಅಳತೆಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ಅನುಸರಿಸುತ್ತವೆಂದಾದರೆ, 2.718 ಎಂಬ ಸಂಖ್ಯೆಯ 0.6ನೆಯ ಘಾತ, ಅಂದರೆ 1.82, ಬಾಕಿ ಗುಂಪಿನ ಪಾಲು; ತೀರಿಸುವ ಗುಂಪಿನ ಪಾಲು 1. ಒಟ್ಟು 2.82ರಲ್ಲಿ 1.82 ಎಂದರೆ ಶೇ. 65.

ಇಷ್ಟೆಲ್ಲ ಗುಣಿಸಿ ಭಾಗಿಸುವ ತಾಪತ್ರಯ ಬೇಡವೆನ್ನುವವರಿಗೆ ಇದೇ ಲೆಕ್ಕದ ಚುಟುಕು ರೂಪವೂ ಉಂಟು. ಈ ಅಂಗಡಿಯ ಮಟ್ಟಿಗೆ ದಿನಗಳನ್ನು 7.5ರಿಂದ, ಶೇಕಡವನ್ನು 5ರಿಂದ ಭಾಗಿಸಿ, ಎರಡನ್ನೂ ಕೂಡಿಸಿ 12.67 ಕಳೆದರೆ ನೇರವಾಗಿ 0.6 ಸಿಗುತ್ತದೆ. ಫಿಶರ್ ಹೇಳಿದ ವಿಭೇದಕ ಅಂಕ ಇದೇ. ಸೊನ್ನೆಗಿಂತ ಮೇಲಿದ್ದರೆ ಬಾಕಿಯ ಕಡೆ, ಕೆಳಗಿದ್ದರೆ ತೀರಿಸುವ ಕಡೆ.

ಮರೆತುಹೋಗುವ ಸಂಖ್ಯೆ

ಮೇಲಿನ ಶೇ. 65ರಲ್ಲಿ ಒಂದು ಭಾವನೆ ಅಡಗಿದೆ: ಅಂಗಡಿಗೆ ಬರುವವರಲ್ಲಿ ಅರ್ಧದಷ್ಟು ಜನ ಬಾಕಿ ಉಳಿಸುವವರೇ ಎಂಬುದು. ಹಾಗಿದ್ದರೆ ಯಾವ ಅಂಗಡಿಯೂ ಎರಡು ಹಂಗಾಮು ಬಾಳಲಾರದು. ಖಾತೆ ಪುಸ್ತಕದ ಪ್ರಕಾರ ನೂರು ಜನರಲ್ಲಿ ಬಾಕಿ ಉಳಿಸುವವರು 10 ಮಂದಿ ಎಂದಿಟ್ಟುಕೊಳ್ಳಿ. ಆಗ 1.82ನ್ನು 10ರಿಂದಲೂ 1ನ್ನು 90ರಿಂದಲೂ ಗುಣಿಸಬೇಕು. 18.2 ಮತ್ತು 90, ಒಟ್ಟು 108.2ರಲ್ಲಿ 18.2 ಎಂದರೆ ಶೇ. 17. ಗ್ರಾಹಕ ಅದೇ, ಅವನ ಅಂಕಿಗಳೂ ಅವೇ. ಶೇ. 65ರ ಅಪಾಯ ಶೇ. 17ಕ್ಕೆ ಇಳಿಯಿತು.

ವ್ಯಕ್ತಿಯನ್ನು ನೋಡುವ ಮೊದಲೇ ತಿಳಿದಿರುವ ಈ ಪ್ರಮಾಣಕ್ಕೆ ಪೂರ್ವ ಸಂಭವನೀಯತೆ ಎಂದು ಹೆಸರು. ಇದನ್ನು ಸೇರಿಸಿ ಲೆಕ್ಕ ಹಾಕಿದರೆ ತಪ್ಪು ವಿಂಗಡಣೆಗಳ ಒಟ್ಟು ಪ್ರಮಾಣ ಕನಿಷ್ಠವಾಗುತ್ತದೆಂಬುದನ್ನು ಬಿ. ಎಲ್. ವೆಲ್ಚ್ 1939ರಲ್ಲೇ ತೋರಿಸಿದ್ದರು. ಆದರೂ ಇದು ಮರೆತುಹೋಗಲು ಒಂದು ಸರಳ ಕಾರಣವಿದೆ. ಎಸ್‌ಪಿಎಸ್‌ಎಸ್‌ನಂತಹ ತಂತ್ರಾಂಶಗಳಲ್ಲಿ ಬಳಕೆದಾರರು ಬೇರೇನನ್ನೂ ಸೂಚಿಸದಿದ್ದರೆ ಎಲ್ಲ ಗುಂಪುಗಳೂ ಸಮ ಪ್ರಮಾಣದಲ್ಲಿವೆಯೆಂದೇ ಲೆಕ್ಕ ನಡೆಯುತ್ತದೆ. ಆರ್ ತಂತ್ರಾಂಶದ ಪ್ರಚಲಿತ ಆದೇಶವಾದರೋ ಕೊಟ್ಟ ಮಾದರಿಯಲ್ಲಿರುವ ಪ್ರಮಾಣವನ್ನೇ ಹಿಡಿಯುತ್ತದೆ. ಮಾದರಿಯನ್ನು ಅರ್ಧಕ್ಕರ್ಧ ಆರಿಸಿದ್ದರೆ ಅಲ್ಲಿಯೂ ಅದೇ ತೊಡಕು.

ವಾಣಿಜ್ಯ ಕ್ಷೇತ್ರದ ಅತಿ ಪ್ರಸಿದ್ಧ ಉದಾಹರಣೆಯೇ ಹಾಗೆ ಆರಿಸಿದ್ದು. 1968ರಲ್ಲಿ ಅಮೆರಿಕದ ಎಡ್ವರ್ಡ್ ಆಲ್ಟ್‌ಮನ್, ದಿವಾಳಿಯಾದ 33 ಮತ್ತು ಸುಸ್ಥಿತಿಯಲ್ಲಿದ್ದ 33 ತಯಾರಿಕಾ ಕಂಪನಿಗಳನ್ನು ಹೋಲಿಸಿ, ಐದು ಹಣಕಾಸು ಅನುಪಾತಗಳಿಂದ ಝಡ್ ಅಂಕವನ್ನು ರೂಪಿಸಿದರು. 1.81ಕ್ಕಿಂತ ಕೆಳಗಿದ್ದರೆ ಅಪಾಯ, 2.99ಕ್ಕಿಂತ ಮೇಲಿದ್ದರೆ ಕ್ಷೇಮ, ನಡುವೆ ಸಂದಿಗ್ಧ. ಲೆಕ್ಕಪರಿಶೋಧಕರು ಇಂದಿಗೂ ಇದನ್ನು ಬಳಸುತ್ತಾರೆ. ಎಚ್ಚರಿಕೆಯ ಗಂಟೆಯಾಗಿ ಇದು ಉಪಯುಕ್ತ. ಆದರೆ ವಾಸ್ತವದಲ್ಲಿ ಕಂಪನಿಗಳಲ್ಲಿ ಅರ್ಧದಷ್ಟು ದಿವಾಳಿಯಾಗುವುದಿಲ್ಲ. ಆದ್ದರಿಂದ ಆ ಮಾದರಿಯಿಂದಲೇ ನೇರವಾಗಿ ಸಂಭವನೀಯತೆ ತೆಗೆದರೆ ಭಯ ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ.

ಕೊಡಬೇಕೇ, ಬೇಡವೇ?

ಶೇ. 17 ಎಂಬುದು ಐವತ್ತಕ್ಕಿಂತ ಕಡಿಮೆ, ಆದ್ದರಿಂದ ಕೊಡಬಹುದು ಎನ್ನುವುದೂ ಆತುರದ ಮಾತೇ. 10,000 ರೂಪಾಯಿ ಗೊಬ್ಬರದ ಮೇಲೆ ಅಂಗಡಿಗೆ ಉಳಿಯುವ ಲಾಭ 800 ರೂಪಾಯಿ ಎನ್ನೋಣ. ಬಾಕಿ ಬಿದ್ದರೆ ಇಡೀ ಹಣ ಮುಳುಗುವುದಾದರೆ, 800ನ್ನು 10,800ರಿಂದ ಭಾಗಿಸಿದಾಗ ಬರುವ ಶೇ. 7.4ಕ್ಕಿಂತ ಹೆಚ್ಚು ಅಪಾಯವಿರುವ ಯಾರಿಗೂ ಕೊಡುವಂತಿಲ್ಲ. ಆದರೆ ಹಳ್ಳಿಯ ವ್ಯವಹಾರದಲ್ಲಿ ಬಾಕಿಯೆಂದರೆ ಸಾಮಾನ್ಯವಾಗಿ ಪೂರ್ತಿ ನಷ್ಟವಲ್ಲ. ಮುಂದಿನ ಬೆಳೆಗೋ ಹಸು ಮಾರಿಯೋ ಬಹುಪಾಲು ಬಂದೇ ಬರುತ್ತದೆ. ಬಡ್ಡಿ, ಓಡಾಟ ಸೇರಿ ನಿಜವಾದ ನಷ್ಟ 3,000 ರೂಪಾಯಿ ಎಂದಾದರೆ ಗಡಿ 800ನ್ನು 3,800ರಿಂದ ಭಾಗಿಸಿದಷ್ಟು, ಅಂದರೆ ಶೇ. 21. ಮೇಲಿನ ಗ್ರಾಹಕನಿಗೆ ಉದ್ರಿ ಸಿಗುತ್ತದೆ. ತಂತ್ರಾಂಶ ಬಾಕಿದಾರ ಎಂದು ಮುದ್ರೆ ಒತ್ತಿದವನೇ ಅಂಗಡಿಗೆ ಲಾಭ ತರುವ ಗ್ರಾಹಕನಾಗುತ್ತಾನೆ.

ನೀರಾವರಿಯೂ ಖುಷ್ಕಿಯೂ

ಇಲ್ಲಿಯವರೆಗೆ ಎರಡೂ ಗುಂಪುಗಳ ಏರಿಳಿತ ಒಂದೇ ಎಂದು ಭಾವಿಸಲಾಗಿತ್ತು. ಈ ಭಾಗದಲ್ಲಿ ಅದು ಸುಲಭವಾಗಿ ಒಪ್ಪುವ ಮಾತಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆಗಳಿಗೂ ಮಳೆಯನ್ನೇ ನೆಚ್ಚಿದ ನಾಗಮಂಗಲದ ರಾಗಿ, ಹುರುಳಿ ಹೊಲಗಳಿಗೂ ಹಣ ಬರುವ ಲಯವೇ ಬೇರೆ. ಬಾಕಿ ಉಳಿಸುವವರಲ್ಲಿ ಕೆಲವರು ಸ್ವಲ್ಪವೇ ತಡ ಮಾಡುವವರು, ಕೆಲವರು ವರ್ಷವಿಡೀ ಮುಖ ತೋರಿಸದವರು. ಅವರ ಏರಿಳಿತ ಹೆಚ್ಚು. ನಮ್ಮ ಉದಾಹರಣೆಯಲ್ಲಿ ಬಾಕಿ ಗುಂಪಿನ ಮಾನಕ ವಿಚಲನೆಗಳು ಎರಡು ಪಟ್ಟು, ಅಂದರೆ 30 ದಿನ ಮತ್ತು ಶೇ. 20 ಇದ್ದರೆ ಆ ಗುಂಪಿನಿಂದ ಗ್ರಾಹಕನ ದೂರದ ವರ್ಗ 0.36ಕ್ಕೆ ಇಳಿಯುತ್ತದೆ. ಇನ್ನಷ್ಟು ಹತ್ತಿರವಾದನಲ್ಲ ಎನ್ನಿಸಬಹುದು. ಆದರೆ ಅಷ್ಟೇ ಜನ ನಾಲ್ಕು ಪಟ್ಟು ವಿಸ್ತಾರದಲ್ಲಿ ಹರಡಿಕೊಂಡಿರುವುದರಿಂದ ಗುಂಪಿನ ಸಾಂದ್ರತೆಯನ್ನು ನಾಲ್ಕರಿಂದ ಭಾಗಿಸಬೇಕು. ಹಾಗೆ ಮಾಡಿದರೆ 10ಕ್ಕೆ 90ರ ಪ್ರಮಾಣದಲ್ಲಿ ಅಪಾಯ ಶೇ. 8 ಮಾತ್ರ. ಹತ್ತಿರವಿರುವುದೇ ಬೇರೆ, ಸೇರಿರುವ ಸಂಭವವೇ ಬೇರೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ಬೇಕಿಲ್ಲ. ಶಾಸ್ತ್ರದಲ್ಲಿ ಇದು ವರ್ಗಾತ್ಮಕ ವಿಭೇದಕ. ಇದಕ್ಕೆ ಪ್ರತಿ ಗುಂಪಿನಲ್ಲೂ ಸಾಕಷ್ಟು ಜನರ ದಾಖಲೆ ಬೇಕು; ಇಪ್ಪತ್ತು ಬಾಕಿದಾರರ ಮೇಲೆ ಇಷ್ಟು ಸೂಕ್ಷ್ಮ ಕಟ್ಟಡ ಕಟ್ಟುವುದು ತರವಲ್ಲ.

ಗುಂಪುಗಳು ಮೂರಾದರೂ, ಅಂದರೆ ಸಕಾಲಕ್ಕೆ ಕೊಡುವವರು, ತಡವಾಗಿ ಕೊಡುವವರು, ಕೊಡದವರು ಎಂದು ವಿಂಗಡಿಸಿದರೂ, ಕ್ರಮ ಬದಲಾಗದು. ಪ್ರತಿ ಗುಂಪಿನ ಪಾಲನ್ನು ಅದರ ಪೂರ್ವ ಪ್ರಮಾಣದಿಂದ ಗುಣಿಸಿ, ಮೂರರ ಮೊತ್ತದಿಂದ ಭಾಗಿಸಿದರಾಯಿತು.

ಈ ಭಾಗಾಕಾರದಲ್ಲೇ ಒಂದು ಬಲೆಯಿದೆ. ಸಂಭವನೀಯತೆಗಳ ಮೊತ್ತ ಯಾವಾಗಲೂ ನೂರೇ ಆಗುವುದರಿಂದ, ಯಾವ ಗುಂಪಿಗೂ ಸೇರದವನನ್ನೂ ಸೂತ್ರ ಒಂದು ಗುಂಪಿಗೆ ತಳ್ಳುತ್ತದೆ. ಒಬ್ಬನ ದೂರದ ವರ್ಗ ತೀರಿಸುವವರಿಂದ 20, ಬಾಕಿಯವರಿಂದ 15 ಇದ್ದರೆ, ಸಮ ಪ್ರಮಾಣದಲ್ಲಿ ಅವನು ಶೇ. 92 ಬಾಕಿದಾರನೆಂದು ಉತ್ತರ ಬರುತ್ತದೆ. ಆದರೆ ಬಾಕಿದಾರರಲ್ಲೂ ಅಷ್ಟು ದೂರವಿರುವವನು ಸುಮಾರು ಎರಡು ಸಾವಿರಕ್ಕೊಬ್ಬ. ಇಂಥವನು ಹೊಸದಾಗಿ ಭೂಮಿ ಕೊಂಡವನಿರಬಹುದು, ಅಥವಾ ಖಾತೆ ಬರೆದವರು ಒಂದು ಸೊನ್ನೆ ಹೆಚ್ಚು ಹಾಕಿರಬಹುದು. ಸಂಭವನೀಯತೆಯ ಪಕ್ಕದಲ್ಲೇ ದೂರವನ್ನೂ ನಮೂದಿಸಿದರೆ ಇಂಥವರು ಕಣ್ಣಿಗೆ ಬೀಳುತ್ತಾರೆ.

ಅಳತೆ ಯಾರದು?

ವಿಳಂಬದ ದಿನಗಳನ್ನು ರೈತನ ಗುಣವೆಂದು ಬರೆದುಕೊಳ್ಳುವಾಗ ಇನ್ನೊಂದು ವಿಷಯ ಗಮನಾರ್ಹ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಿಸಬೇಕು. ಆ ಹಣವೇ ತಡವಾದ ವರ್ಷದಲ್ಲಿ ರೈತನ 38 ದಿನಗಳಲ್ಲಿ ಅವನದೆಷ್ಟು, ಕಾರ್ಖಾನೆಯದೆಷ್ಟು? ಕಬ್ಬಿನ ಹಣ ಕೈಸೇರಿದ ದಿನದಿಂದ ವಿಳಂಬ ಎಣಿಸುವುದು ಹೆಚ್ಚು ನ್ಯಾಯ, ಮುನ್ಸೂಚನೆಯೂ ಹೆಚ್ಚು ನಿಖರ. ಸೂತ್ರ ಎಷ್ಟೇ ಸೊಗಸಾಗಿದ್ದರೂ ಈ ವಿವೇಚನೆಯನ್ನು ಅದು ತಾನಾಗಿ ಮಾಡಲಾರದು.

ಸೂತ್ರವನ್ನು ಕಟ್ಟಿದ ಗ್ರಾಹಕರ ಮೇಲೆಯೇ ಅದನ್ನು ಪರೀಕ್ಷಿಸಿದರೆ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಒಬ್ಬೊಬ್ಬರನ್ನೇ ಹೊರಗಿಟ್ಟು, ಉಳಿದವರಿಂದ ಸೂತ್ರ ಕಟ್ಟಿ, ಹೊರಗಿಟ್ಟವನನ್ನು ವಿಂಗಡಿಸಿ ನೋಡುವುದು ರೂಢಿಯಲ್ಲಿರುವ ಮದ್ದು. ಎಕ್ಸೆಲ್ ಹಾಳೆಯಲ್ಲಿ ಇದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಮದ್ದಿಲ್ಲದ ತೊಂದರೆ ಇನ್ನೊಂದು: ಖಾತೆ ಪುಸ್ತಕದಲ್ಲಿರುವುದು ಉದ್ರಿ ಪಡೆದವರ ಹೆಸರುಗಳು ಮಾತ್ರ. ಬಾಗಿಲಿನಿಂದಲೇ ಹಿಂದಿರುಗಿಸಿದವರು ಕೊಟ್ಟಿದ್ದರೆ ತೀರಿಸುತ್ತಿದ್ದರೋ ಇಲ್ಲವೋ ಎಂಬುದರ ದಾಖಲೆ ಎಲ್ಲಿಯೂ ಇಲ್ಲ. ಕೆಲವು ವರ್ತಕರು ಗಡಿಯಿಂದ ಸ್ವಲ್ಪ ಆಚೆಗಿರುವವರಿಗೂ ಒಂದೆರಡು ಮೂಟೆಯಷ್ಟು ಉದ್ರಿ ಕೊಟ್ಟು ಒಂದು ಹಂಗಾಮು ಕಾಯುತ್ತಾರೆ. ಮುಂದಿನ ವರ್ಷದ ಪೂರ್ವ ಪ್ರಮಾಣವನ್ನು ತಿದ್ದಲು ಅವರಿಗೆ ಸಿಗುವ ಹೊಸ ಮಾಹಿತಿ ಅಷ್ಟೇ.