ಹಣೆಬರಹವಾಗಿದ್ದ ಬಣ್ಣ ತಪ್ಪಾದ ಬಗೆ

ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಒಂದು ಅನುಕೂಲಕರ ಊಹೆಯಿಂದ ಆರಂಭವಾಗುತ್ತವೆ. ಗ್ರಾಹಕನ ಅಭಿರುಚಿ ಮೊದಲೇ ಸಿದ್ಧವಾಗಿರುತ್ತದೆ, ಮಾರುಕಟ್ಟೆ ಅದನ್ನು ಪೂರೈಸುತ್ತದೆ ಎಂಬುದೇ ಆ ಊಹೆ. ಇದನ್ನು ಪ್ರಶ್ನಿಸಿದವರಲ್ಲಿ ಜಾನ್ ಕೆನೆತ್ ಗಾಲ್‌ಬ್ರೆತ್ ಪ್ರಮುಖರು. ಸರಕನ್ನು ಉತ್ಪಾದಿಸುವವರೇ ಜಾಹೀರಾತಿನ ಮೂಲಕ ಅದರ ಬಯಕೆಯನ್ನೂ ಉತ್ಪಾದಿಸುತ್ತಾರೆ ಎಂದು ಅವರು 1958ರಲ್ಲಿ ಪ್ರಕಟವಾದ ‘ದಿ ಅಫ್ಲುಯೆಂಟ್ ಸೊಸೈಟಿ’ ಕೃತಿಯಲ್ಲಿ ವಾದಿಸಿದರು. ಎಂ.ಎ. ತರಗತಿಯಲ್ಲಿ ಓದಿದ ಈ ಮಾತಿನ ಪೂರ್ಣ ಅರ್ಥ ನನಗೆ ಹೊಳೆದದ್ದು ಸರ್ಕಾರಿ ಸೇವೆಯ ಅವಧಿಯಲ್ಲಿ, ಉದ್ಯೋಗಾಕಾಂಕ್ಷಿಗಳ ಭಾವಚಿತ್ರಗಳನ್ನು ನೋಡುತ್ತಿದ್ದಾಗ.

ನೇಮಕಾತಿಯ ಸಂದರ್ಭದಲ್ಲಿ ಅಭ್ಯರ್ಥಿಯ ಮುಖವನ್ನು ಅರ್ಜಿಗೆ ಅಂಟಿಸಿದ ಭಾವಚಿತ್ರದೊಂದಿಗೆ ತಾಳೆ ನೋಡಬೇಕಾಗುತ್ತದೆ. ವರ್ಷಗಳು ಕಳೆದಂತೆ ಈ ಸರಳ ಕೆಲಸವೇ ಕಷ್ಟವಾಗತೊಡಗಿತು. ಎದುರಿಗೆ ಕುಳಿತವರು ಎಣ್ಣೆಗೆಂಪು ಅಥವಾ ಕಪ್ಪು ಬಣ್ಣದವರು. ಚಿತ್ರದಲ್ಲಿರುವ ಮುಖ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ. ಒಮ್ಮೆ ಯುವತಿಯೊಬ್ಬರನ್ನು ಈ ಬಗ್ಗೆ ವಿಚಾರಿಸಿದಾಗ, ‘ಸ್ಟುಡಿಯೊದವರೇ ಮಾಡಿದ್ದು ಸಾರ್, ನಾನೇನೂ ಹೇಳಿರಲಿಲ್ಲ’ ಎಂದರು. ಆ ಉತ್ತರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ತಾಲ್ಲೂಕು ಕೇಂದ್ರದ ಛಾಯಾಗ್ರಾಹಕ ಗಿರಾಕಿಯ ಇಚ್ಛೆಯನ್ನು ಕೇಳುವ ಅಗತ್ಯವನ್ನೇ ಕಂಡಿರಲಿಲ್ಲ. ಮೈಬಣ್ಣವನ್ನು ತಿದ್ದುವುದು ಅವನ ಪಾಲಿಗೆ ಚಿತ್ರದ ಅಂಚು ಕತ್ತರಿಸುವಷ್ಟೇ ಸಹಜವಾದ ಕೆಲಸವಾಗಿತ್ತು.

ಕಪ್ಪು ಬಣ್ಣದ ಬಗೆಗಿನ ಕೀಳರಿಮೆಯನ್ನು ಜಾಹೀರಾತುಗಳೇ ಸೃಷ್ಟಿಸಿದವು ಎನ್ನುವುದು ಸರಿಯಲ್ಲ. ರಾಮ, ಕೃಷ್ಣರನ್ನು ಶ್ಯಾಮಲವರ್ಣದವರೆಂದು ಪೂಜಿಸುವ, ದ್ರೌಪದಿಯನ್ನು ಕೃಷ್ಣೆಯೆಂದೇ ಕರೆದ ನಮ್ಮ ಸಮಾಜವೇ ಹೆಣ್ಣು ನೋಡುವ ಶಾಸ್ತ್ರದಲ್ಲಿ ‘ಹುಡುಗಿ ಸ್ವಲ್ಪ ಕಪ್ಪು’ ಎಂದು ಪಿಸುಗುಟ್ಟುತ್ತಾ ಬಂದಿದೆ. ಆದರೆ ಹಿಂದೆ ಬಣ್ಣವೆಂಬುದು ಹಣೆಬರಹವಾಗಿತ್ತು. ಅದನ್ನು ಬದಲಿಸಲಾಗದು ಎಂಬ ಅರಿವು ನೋವಿನೊಂದಿಗೆ ಒಂದಿಷ್ಟು ಸಮಾಧಾನವನ್ನೂ ನೀಡುತ್ತಿತ್ತು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂದ ಮೇಲೆ ಬಣ್ಣ ಬದಲಿಸಬಹುದಾದ ಸಂಗತಿಯಾಯಿತು. ಹಾಗಾಗಿ ಬದಲಿಸಿಕೊಳ್ಳದಿರುವುದು ವ್ಯಕ್ತಿಯ ಲೋಪವಾಯಿತು. ಹಣೆಬರಹವು ತಪ್ಪಾಗಿ ಮಾರ್ಪಟ್ಟ ಈ ಕ್ಷಣವೇ, ನನ್ನ ದೃಷ್ಟಿಯಲ್ಲಿ, ಯುವಮನಸ್ಸಿಗೆ ಆದ ನಿಜವಾದ ಹಾನಿ. ಕೆಲವೇ ರೂಪಾಯಿಗಳಿಗೆ ಸ್ಯಾಶೆಯಲ್ಲಿ ಸಿಗುವ ಪರಿಹಾರವನ್ನೂ ಬಳಸದವಳು ಇನ್ನಾರನ್ನು ದೂರಬೇಕು?

ದೂರದರ್ಶನ ಮತ್ತು ಕೇಬಲ್ ಜಾಲ ಈ ಸಂದೇಶವನ್ನು ಹಳ್ಳಿಹಳ್ಳಿಗೂ ಒಯ್ದವು. ಅಂಥ ಒಂದು ಜಾಹೀರಾತಿನಲ್ಲಿ, ತನಗೊಬ್ಬ ಮಗನಿದ್ದಿದ್ದರೆ ಎಂದು ತಂದೆ ಕೊರಗುತ್ತಾನೆ. ಕ್ರೀಮು ಹಚ್ಚಿ ಬೆಳ್ಳಗಾದ ಮಗಳು ಗಗನಸಖಿಯಾಗಿ ಮನೆಯನ್ನು ಸಲಹುತ್ತಾಳೆ. ಮಹಿಳಾ ಸಂಘಟನೆಗಳ ದೂರಿನ ಬಳಿಕ 2003ರಲ್ಲಿ ಅದು ತೆರೆಯಿಂದ ಮರೆಯಾಯಿತು. 2005ರಲ್ಲಿ ಗಂಡಸರಿಗಾಗಿಯೇ ‘ಫೇರ್ ಅಂಡ್ ಹ್ಯಾಂಡ್‌ಸಮ್’ ಬಂದಿತು. ಕಪ್ಪು ಮೈಬಣ್ಣದವರನ್ನು ಉದ್ಯೋಗದಲ್ಲಾಗಲೀ ವಿವಾಹದಲ್ಲಾಗಲೀ ಹಿಂದೆ ಬಿದ್ದವರಂತೆ ಚಿತ್ರಿಸಬಾರದು ಎಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಮಾರ್ಗಸೂಚಿ ರೂಪಿಸಿದ್ದು 2014ರಲ್ಲಿ. ಮಂಡಳಿಯಾದರೋ ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಸ್ವಯಂನಿಯಂತ್ರಣ ಸಂಸ್ಥೆ. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಿಂದ ಎದ್ದ ಜನಾಂಗಭೇದ ವಿರೋಧಿ ಅಲೆ ಇಲ್ಲಿಗೂ ತಟ್ಟಿದ ಮೇಲೆ, 2020ರಲ್ಲಿ ಮೊದಲ ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಒಂದು ಪದವನ್ನು ಕೈಬಿಡಲು 45 ವರ್ಷಗಳು ಬೇಕಾದವು.

ಮಾಧ್ಯಮವೆಂದರೆ ಕೆಡುಕೇ ಎಂಬ ತೀರ್ಮಾನಕ್ಕೆ ಬರುವುದೂ ಆತುರವಾದೀತು. ರಾಬರ್ಟ್ ಜೆನ್ಸೆನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಹಳ್ಳಿಗಳಿಗೆ ಕೇಬಲ್ ಟಿ.ವಿ. ಬಂದ ನಂತರದ ಬದಲಾವಣೆಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಗಂಡ ಹೆಂಡತಿಯನ್ನು ಹೊಡೆಯುವುದು ಸರಿ ಎನ್ನುವ ಮಹಿಳೆಯರ ಪ್ರಮಾಣ ಕಡಿಮೆಯಾಗಿತ್ತು. ಗಂಡುಮಗುವೇ ಬೇಕೆಂಬ ಹಂಬಲ ತಗ್ಗಿತ್ತು. ನಗರದ ಮಹಿಳೆಯರ ಬದುಕನ್ನು ತೋರಿಸುವ ಧಾರಾವಾಹಿಗಳು, ಬದುಕಿಗೆ ಇನ್ನೊಂದು ದಾರಿಯಿದೆ ಎಂದು ಸೂಚಿಸಿರಬೇಕು. ಒಂದೇ ಪೆಟ್ಟಿಗೆ ಧಾರಾವಾಹಿಯಲ್ಲಿ ಹೆಣ್ಣಿನ ಧೈರ್ಯವನ್ನು ಹೆಚ್ಚಿಸುತ್ತಾ, ನಡುವಿನ ಬಿಡುವಿನಲ್ಲಿ ಅವಳ ಮುಖದ ಬಗ್ಗೆ ಅಳುಕು ಹುಟ್ಟಿಸುತ್ತಿತ್ತು ಎನ್ನಬಹುದು.

ಸಾಹಿತ್ಯ ಭಿನ್ನವಾಗುವುದು ಇಲ್ಲಿಯೇ. 1970ರ ದಶಕದಲ್ಲಿ ಬೆಳೆದ ನಮ್ಮ ಪೀಳಿಗೆಯ ಮಧ್ಯಮವರ್ಗದ ಮನೆಗಳಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಅವರ ಕಾದಂಬರಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಆಗಿನ ಜನಪ್ರಿಯ ಕಾದಂಬರಿಗಳ ನಾಯಕಿಯರೂ ಬಹುಮಟ್ಟಿಗೆ ಚೆಲುವೆಯರೇ, ಅದನ್ನು ಮರೆಮಾಚಬೇಕಿಲ್ಲ. ಆದರೂ ‘ಶರಪಂಜರ’ದ ಕಾವೇರಿಯನ್ನು ಓದುಗರು ನೆನೆಯುವುದು ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಬಂದರೂ ಮನೆಯವರ ಅನುಮಾನದಿಂದ ಬಿಡುಗಡೆ ಸಿಗದ ಹೆಣ್ಣಾಗಿ. ‘ಫಣಿಯಮ್ಮ’ನನ್ನು ನೆನೆಯುವುದು ಬಾಲವಿಧವೆಯಾಗಿಯೂ ತನ್ನ ಅಂತಃಕರಣವನ್ನು ಬತ್ತಿಸಿಕೊಳ್ಳದ ಹಿರಿಯಳಾಗಿ. ಪುಸ್ತಕದಲ್ಲಿ ಪಾತ್ರಕ್ಕೆ ಮುಖ ಕೊಡುವವರು ಓದುಗರು. ತಮ್ಮ ಅಕ್ಕನದೋ, ಚಿಕ್ಕಮ್ಮನದೋ, ತಮ್ಮದೋ ಮುಖವನ್ನು ಕೊಡುತ್ತಾರೆ. ತೆರೆ ಮುಖವನ್ನು ಸಿದ್ಧಪಡಿಸಿ ನಮ್ಮ ಮುಂದಿಡುತ್ತದೆ. ಅದರೊಡನೆ ನಮ್ಮ ಮುಖವನ್ನು ಹೋಲಿಸಿಕೊಳ್ಳುವ ಕೆಲಸವಷ್ಟೇ ಉಳಿಯುತ್ತದೆ.

ಇಂದು ಆ ಹೋಲಿಕೆ ಮೊಬೈಲ್ ಫೋನಿನೊಳಗೆ, ಹಗಲಿರುಳು ನಡೆಯುತ್ತಿದೆ. ತಾಲ್ಲೂಕಿನ ಸ್ಟುಡಿಯೊದವನು ಮಾಡುತ್ತಿದ್ದುದನ್ನು ಫಿಲ್ಟರ್ ಎಂಬ ತಂತ್ರಾಂಶ ಕ್ಷಣಾರ್ಧದಲ್ಲಿ ಮಾಡುತ್ತದೆ. 2021ರಲ್ಲಿ ಬಹಿರಂಗವಾದ ಫೇಸ್‌ಬುಕ್ ಕಂಪನಿಯ ಆಂತರಿಕ ದಾಖಲೆಗಳ ಪ್ರಕಾರ, ತಮ್ಮ ದೇಹದ ಬಗ್ಗೆ ಬೇಸರಗೊಂಡಿದ್ದಾಗ ಇನ್‌ಸ್ಟಾಗ್ರಾಂ ಆ ಭಾವನೆಯನ್ನು ಇನ್ನಷ್ಟು ಹದಗೆಡಿಸಿತು ಎಂದು ಹದಿಹರೆಯದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ ಹೇಳಿದ್ದರು. ಕಂಪನಿಗೆ ತಿಳಿದಿದ್ದ ಈ ಸಂಗತಿ ಹೆತ್ತವರಿಗೆ ತಿಳಿದಿರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಆಡಳಿತದಲ್ಲಿ ಕಳೆದ ವರ್ಷಗಳು ನಿಷೇಧಗಳ ಬಗ್ಗೆ ನನ್ನಲ್ಲಿ ಹೆಚ್ಚು ಭರವಸೆ ಉಳಿಸಿಲ್ಲ. ಮಾಹಿತಿ ಒದಗಿಸುವ ಕಾನೂನು ಹೆಚ್ಚು ಕಾರ್ಯಸಾಧ್ಯ. ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ವಾಣಿಜ್ಯ ಚಿತ್ರಗಳ ಮೇಲೆ ‘ತಿದ್ದಿದ ಚಿತ್ರ’ ಎಂದು ನಮೂದಿಸುವುದನ್ನು ಫ್ರಾನ್ಸ್ 2017ರಿಂದ ಕಡ್ಡಾಯಗೊಳಿಸಿದೆ. ಮೈಬಣ್ಣವನ್ನು ತಿದ್ದಿದ ಚಿತ್ರಗಳಿಗೂ ಇಂಥದೇ ನಿಯಮವನ್ನು ನಮ್ಮಲ್ಲಿ ತರಲು ಅಡ್ಡಿಯಿಲ್ಲ. ಪ್ರೌಢಶಾಲೆಯಲ್ಲಿ ಪದ್ಯದ ಭಾವಾರ್ಥ ಬರೆಸುವಂತೆ ಒಂದು ಜಾಹೀರಾತಿನ ಭಾವಾರ್ಥವನ್ನೂ ಬರೆಸಬಹುದು. ‘ನನ್ನಲ್ಲಿ ಏನು ಕೊರತೆಯಿದೆ ಎಂದು ಇದು ಹೇಳುತ್ತಿದೆ? ಆ ಕೊರತೆಯಿಂದ ಲಾಭ ಯಾರಿಗೆ?’ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಕಲಿತ ಮಗು ಸುಲಭವಾಗಿ ಮೋಸಹೋಗದು.

ಮೂರನೆಯ ದಾರಿಗೆ ಹೊಸ ಕಾನೂನೂ ಬೇಕಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ರಾಜ್ಯದ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಶಾಲೆಗಳು ಮುಚ್ಚಿದ್ದ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳನ್ನು ಈ ಗ್ರಂಥಾಲಯಗಳತ್ತ ಸೆಳೆಯಲು ಹೊರಟಿತು. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಬಾಕಿಯಿಲ್ಲದೆ ವರ್ಗಾಯಿಸಿದರೆ, ಖರೀದಿಯ ಪಟ್ಟಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳ ಪಕ್ಕದಲ್ಲಿ ಕಥೆ, ಕಾದಂಬರಿ, ಆತ್ಮಕಥೆಗಳಿಗೂ ಜಾಗ ಸಿಕ್ಕರೆ, ಆ ಬೆಳಕು ಆರದೆ ಉಳಿಯುತ್ತದೆ.

ಯುವಜನ ಮೌಲ್ಯಗಳನ್ನು ಕಳೆದುಕೊಳ್ಳುತ್ತಿದ್ದಾರೆ ಎಂದು ನನ್ನ ಓರಗೆಯ ಹಿರಿಯರು ಆಗಾಗ ದೂರುತ್ತಾರೆ. ಅವರ ಕಣ್ಣೆದುರಿಗೆ ನಾವು ಇಟ್ಟದ್ದೇನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಕನ್ನಡಿ ಇಟ್ಟವರು ಯಾರೆಂದು ವಿಚಾರಿಸದೆ, ಅದರ ಮುಂದೆ ನಿಂತ ಮಕ್ಕಳನ್ನು ಮಾತ್ರ ಬೈಯುವುದು ನ್ಯಾಯವಲ್ಲ.