ಫಿಲ್ಮಿನ ಕತ್ತಲೆಯಲ್ಲಿ ಏನಿದೆ?

ಹಳೆಯ ಛಾಯಾಚಿತ್ರಗಳನ್ನು ಕುರಿತ ನಮ್ಮ ಮಾತುಕತೆಯಲ್ಲಿ ಫಿಲ್ಮ್ ಸ್ಕ್ಯಾನಿಂಗಿನ ವಿಷಯಕ್ಕೆ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಅಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಯಕ್ಷಗಾನದ ಬಗ್ಗೆ ಒಂದು ಕಾರ್ಯಕ್ರಮ ತಯಾರಿಸುತ್ತಿದ್ದೆವು. ಉತ್ತರ ಕನ್ನಡದ ನಿವೃತ್ತ ಮಾಸ್ತರರೊಬ್ಬರು 1970ರ ದಶಕದಲ್ಲಿ ತಾವೇ ತೆಗೆದಿದ್ದ ಒಂದು ಬಣ್ಣದ ಸ್ಲೈಡನ್ನು ಕೊಟ್ಟರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ವೇಷಧಾರಿಯೊಬ್ಬ ಕುಣಿಯುತ್ತಿದ್ದಾನೆ, ಹಿಂದೆಲ್ಲ ಕತ್ತಲೆ. ಅಂಗಡಿಯೊಂದರಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿದೆವು. ವೇಷವೇನೋ ಚೆನ್ನಾಗಿಯೇ ಬಂತು. ಹಿಂದೆ ಮಾತ್ರ ಡಾಂಬರು ಬಳಿದಂತೆ ಕಪ್ಪು. “ಅಲ್ಲಿ ಭಾಗವತರು ಕೂತಿದ್ದರಲ್ಲ, ಎಲ್ಲಿ ಹೋದರು?” ಎಂದು ಮಾಸ್ತರರು ಕೇಳಿದರು. ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಮುಂಡಾಸಿನ ಅಂಚು ಮಸುಕಾಗಿ ಕಾಣುತ್ತಿತ್ತು. ಭಾಗವತರು ಫಿಲ್ಮಿನಲ್ಲಿ ಇದ್ದರು, ಯಂತ್ರದ ಕಣ್ಣಿಗೆ ಬಿದ್ದಿರಲಿಲ್ಲ.

ಸ್ಕ್ಯಾನರ್ ಎಂದರೆ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಡಿಪಿಐ?’ ಎಂದು. ಒಂದು ಇಂಚಿನ ಉದ್ದದಲ್ಲಿ ಯಂತ್ರ ಎಷ್ಟು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಓದುತ್ತದೆ ಎನ್ನುವ ಲೆಕ್ಕ ಅದು. ನೀವೇ ಗುಣಿಸಿ ನೋಡಬಹುದು. 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ಅಳತೆ 36 × 24 ಮಿ.ಮೀ. ಇಂಚಿಗೆ 4000 ಚುಕ್ಕಿಯಂತೆ ಓದಿದರೆ ಉದ್ದಕ್ಕೆ ಸುಮಾರು 5670, ಅಗಲಕ್ಕೆ 3780, ಒಟ್ಟು ಎರಡು ಕೋಟಿಗೂ ಮೀರಿದ ಚುಕ್ಕಿಗಳು. 1957ರಲ್ಲಿ ಅಮೆರಿಕದ ರಸೆಲ್ ಕರ್ಷ್ ತಮ್ಮ ಎಳೆಯ ಮಗನ ಭಾವಚಿತ್ರವನ್ನು ಮೊದಲ ಬಾರಿಗೆ ಗಣಕಕ್ಕೆ ಓದಿಸಿದಾಗ ಅದರಲ್ಲಿದ್ದುದು ಉದ್ದಗಲಕ್ಕೆ 176ರಂತೆ 30,976 ಚುಕ್ಕಿಗಳು ಮಾತ್ರ.

ಪೆಟ್ಟಿಗೆಯ ಮೇಲೆ ಅಚ್ಚಾದ ಡಿಪಿಐಯನ್ನು ಮಾತ್ರ ಪೂರ್ತಿ ನಂಬಬೇಡಿ. ಮಸೂರ ಮಂದವಾಗಿದ್ದರೆ ಒಂದೇ ಮಸುಕನ್ನು ಹೆಚ್ಚು ಚುಕ್ಕಿಗಳಾಗಿ ಹಂಚಿದಂತಾಗುತ್ತದೆ, ಅಷ್ಟೆ. ಅಗ್ಗದ ಯಂತ್ರಗಳು ಎರಡು ಚುಕ್ಕಿಗಳ ನಡುವೆ ಮೂರನೆಯದನ್ನು ಲೆಕ್ಕ ಹಾಕಿ ತುಂಬಿ, ಅದನ್ನೂ ಎಣಿಕೆಗೆ ಸೇರಿಸಿಬಿಡುತ್ತವೆ.

ಆದರೆ ನಮ್ಮ ಭಾಗವತರನ್ನು ನುಂಗಿದ್ದು ಡಿಪಿಐ ಅಲ್ಲ, ಸಾಂದ್ರತೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಫಿಲ್ಮಿನ ಒಂದು ಭಾಗದ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಆಚೆ ಬಂದರೆ ಅಲ್ಲಿನ ಸಾಂದ್ರತೆ 1. ನೂರರಲ್ಲೊಂದು ಬಂದರೆ 2, ಸಾವಿರದಲ್ಲೊಂದು ಬಂದರೆ 3. ಕಾಲೇಜಿನಲ್ಲಿ ಬೇಸರದಿಂದ ಕಲಿತ ಲಾಗರಿದಮ್ ಇಲ್ಲಿ ಕೆಲಸಕ್ಕೆ ಬರುತ್ತದೆ. ನೆಗೆಟಿವ್ ಅಷ್ಟೇನೂ ದಟ್ಟವಲ್ಲ. ಸ್ಲೈಡಿನ ಕಡುಗಪ್ಪು ಭಾಗ ಮಾತ್ರ 3ನ್ನು ಸುಲಭವಾಗಿ ದಾಟುತ್ತದೆ.

ಈಗ ಯಂತ್ರದ ಕಡೆಯಿಂದ ಯೋಚಿಸಿ. ಬೆಳಕಿನ ಪ್ರಮಾಣವನ್ನು ಅದು 256 ಸಮ ಮೆಟ್ಟಿಲುಗಳಲ್ಲಿ ಅಳೆಯುತ್ತದೆ ಎನ್ನಿ. ಅತಿ ಚಿಕ್ಕ ಮೆಟ್ಟಿಲೆಂದರೆ 256ರಲ್ಲಿ ಒಂದು ಪಾಲು, ಅಂದರೆ ಸಾಂದ್ರತೆ ಸುಮಾರು 2.4. ಅದಕ್ಕಿಂತ ದಟ್ಟವಾದುದೆಲ್ಲ ಆ ಯಂತ್ರಕ್ಕೆ ಒಂದೇ ಕಪ್ಪು. ಭಾಗವತರ ಮುಖ, ಅಂಗಿ, ಮದ್ದಳೆಯವನ ಕೈ ಎಲ್ಲವೂ ಸೊನ್ನೆ. 14 ಬಿಟ್‌ನ ಯಂತ್ರದಲ್ಲಿ ಮೆಟ್ಟಿಲುಗಳು 16,384. ಅಲ್ಲಿ ಸಾಂದ್ರತೆ 3ರ ಆಚೆಗೂ ಹದಿನೈದಿಪ್ಪತ್ತು ಮೆಟ್ಟಿಲುಗಳು ಉಳಿಯುತ್ತವೆ. ಆದರೆ ಮೆಟ್ಟಿಲು ಹೆಚ್ಚಿದ್ದರೆ ಸಾಲದು. ಯಂತ್ರದೊಳಗಿನ ವಿದ್ಯುತ್ ಗದ್ದಲ ಆ ಸಣ್ಣ ಮೆಟ್ಟಿಲಿಗಿಂತ ದೊಡ್ಡದಾಗಿದ್ದರೆ ಕತ್ತಲೆಯಲ್ಲಿ ಕಾಣುವುದು ಬಣ್ಣಬಣ್ಣದ ರವೆಯೇ ಹೊರತು ಮುಖವಲ್ಲ.

ಹೆಚ್ಚಿನ ಸ್ಕ್ಯಾನರುಗಳ ಕಣ್ಣು ಸಿಸಿಡಿ ಎಂಬ ಸಿಲಿಕಾನ್ ಪಟ್ಟಿ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದ ಬಾಯ್ಲ್ ಮತ್ತು ಸ್ಮಿತ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಡ್ರಮ್ ಸ್ಕ್ಯಾನರಿನ ಕಣ್ಣು ಬೇರೆ, ಅದು ಫೋಟೋಮಲ್ಟಿಪ್ಲೈಯರ್ ಎಂಬ ನಿರ್ವಾತ ನಳಿಕೆ. ಅದರೊಳಗೆ ಬೆಳಕಿನಿಂದ ಹೊರಬಿದ್ದ ಒಂದು ಎಲೆಕ್ಟ್ರಾನು ಲೋಹದ ಫಲಕಕ್ಕೆ ಬಡಿದು ಹಲವನ್ನು ಎಬ್ಬಿಸುತ್ತದೆ, ಅವು ಮುಂದಿನ ಫಲಕಕ್ಕೆ ಬಡಿಯುತ್ತವೆ, ಕೊನೆಗೆ ಒಂದು ಲಕ್ಷಗಟ್ಟಲೆ ಆಗಿರುತ್ತದೆ. ಫಿಲ್ಮನ್ನು ಪಾರದರ್ಶಕ ಸಿಲಿಂಡರಿಗೆ ಸುತ್ತಿ ವೇಗವಾಗಿ ತಿರುಗಿಸುತ್ತಾ ಯಂತ್ರ ಒಂದೊಂದೇ ಚುಕ್ಕಿಯನ್ನು ಓದುತ್ತಾ ಸಾಗುತ್ತದೆ. ಈ ಯಂತ್ರಗಳಲ್ಲಿ ಹೆಚ್ಚಿನವು 1990ರ ದಶಕದವು. ಬಿಡಿಭಾಗ ಸಿಗುವುದು ಕಷ್ಟ, ನಡೆಸಬಲ್ಲವರು ಇನ್ನೂ ಕಡಿಮೆ.

ನಮ್ಮ ಸ್ಲೈಡನ್ನು ಬೇರೊಂದು ಊರಿನಲ್ಲಿದ್ದ ಅಂತಹ ಯಂತ್ರಕ್ಕೆ ಒಯ್ದೆವು. ಅಲ್ಲಿಯ ಕುಶಲಕರ್ಮಿ ಫಿಲ್ಮಿಗೂ ಸಿಲಿಂಡರಿಗೂ ನಡುವೆ ಒಂದು ದ್ರವವನ್ನು ಹರಡಿ, ಗುಳ್ಳೆ ಏಳದಂತೆ ಒತ್ತಿ ಕೂರಿಸಿದ. ಒಣ ಫಿಲ್ಮನ್ನು ಗಾಜಿಗೆ ತಾಗಿಸಿದರೆ ನಡುವಿನ ತೆಳುವಾದ ಗಾಳಿಯ ಪದರದಲ್ಲಿ ವ್ಯತಿಕರಣವಾಗಿ ಚಿತ್ರದ ಮೇಲೆ ಬಣ್ಣದ ಬಳೆಗಳು ಮೂಡುತ್ತವೆ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಸೋಡಿಯಂ ದೀಪದಡಿ ಕಣ್ಣು ನೋಯಿಸಿಕೊಂಡು ನಾನು ಎಣಿಸಿದ ನ್ಯೂಟನ್ ಉಂಗುರಗಳೇ ಅವು! ದ್ರವ ಆ ಗಾಳಿಯ ಜಾಗವನ್ನು ತುಂಬುತ್ತದೆ. ಸಣ್ಣಪುಟ್ಟ ಗೀರುಗಳನ್ನೂ ತುಂಬಿ ಮರೆಮಾಡುತ್ತದೆ.

ಧೂಳನ್ನು ಕಳೆಯಲು ಕೆಲವು ಸಿಸಿಡಿ ಯಂತ್ರಗಳಲ್ಲಿ ಇನ್ನೊಂದು ಜಾಣ ಉಪಾಯವಿದೆ. ಅವು ಅವಕೆಂಪು ಕಿರಣದಲ್ಲಿ ಫಿಲ್ಮನ್ನು ಇನ್ನೊಮ್ಮೆ ಓದುತ್ತವೆ. ಬಣ್ಣದ ಫಿಲ್ಮಿನ ವರ್ಣದ್ರವ್ಯ ಆ ಕಿರಣವನ್ನು ಬಿಟ್ಟುಕೊಡುತ್ತದೆ, ಧೂಳು ತಡೆಯುತ್ತದೆ. ಹಾಗಾಗಿ ಧೂಳಿನ ನಕ್ಷೆಯೊಂದೇ ಪ್ರತ್ಯೇಕವಾಗಿ ಸಿಗುತ್ತದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಇದು ನಡೆಯದು. ಅಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿಯೂ ಆ ಕಿರಣವನ್ನು ತಡೆಯುತ್ತದೆ. ಯಂತ್ರ ಚಿತ್ರವನ್ನೇ ಧೂಳೆಂದು ತಿಳಿದು ಅಳಿಸತೊಡಗುತ್ತದೆ.

ಸಂಜೆಯ ಹೊತ್ತಿಗೆ ಪರದೆಯ ಮೇಲೆ ಭಾಗವತರು ಬಂದರು. ಬಾಯಿ ತೆರೆದಿತ್ತು, ಕೈಯಲ್ಲಿ ತಾಳ. ಪಕ್ಕದಲ್ಲಿ ಮದ್ದಳೆಗಾರ, ಅವನ ಹಿಂದೆ ನಿದ್ದೆ ತೂಗುತ್ತಿದ್ದ ಒಬ್ಬ ಹುಡುಗ. ಆ ಹುಡುಗ ಇದ್ದದ್ದು ಮಾಸ್ತರರಿಗೂ ನೆನಪಿರಲಿಲ್ಲ.

ಇದೇ ಕೆಲಸ ಅಮೆರಿಕದಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 1969ರ ಜುಲೈಯಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ನೆಲದ ಮೇಲೆ ಬಳಸಿದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಫಿಲ್ಮನ್ನಷ್ಟೇ ತಂದರು. ಆ ಮೂಲ ಫಿಲ್ಮುಗಳು ಹ್ಯೂಸ್ಟನ್ನಿನ ಶೀತಲ ಕೋಠಿ ಸೇರಿದವು. ಜಗತ್ತು ದಶಕಗಳ ಕಾಲ ನೋಡಿದ್ದು ಹೆಚ್ಚಾಗಿ ಪ್ರತಿಗಳನ್ನು, ಪ್ರತಿಯ ಪ್ರತಿಗಳನ್ನು. ಪ್ರತಿ ತೆಗೆದಂತೆಲ್ಲ ನೆರಳು ಗಟ್ಟಿಯಾಗುತ್ತದೆ, ಸೂಕ್ಷ್ಮ ವಿವರ ಸವೆಯುತ್ತದೆ. 2007ರಿಂದ ನಾಸಾದ ಜಾನ್ಸನ್ ಕೇಂದ್ರ ಮತ್ತು ಅರಿಜೋನಾ ರಾಜ್ಯ ವಿಶ್ವವಿದ್ಯಾಲಯ ಸೇರಿ ಅಪೊಲೊ ಯಾತ್ರೆಗಳ ಮೂಲ ಫಿಲ್ಮುಗಳನ್ನೇ ಹೊರತೆಗೆದು ಸ್ಕ್ಯಾನ್ ಮಾಡಿಸತೊಡಗಿದವು. ಮಿಲಿಮೀಟರಿಗೆ 200 ಚುಕ್ಕಿ, 14 ಬಿಟ್. ಆ ಚಂದ್ರಚಿತ್ರಗಳ ಮೇಲೆ ಸಣ್ಣ ಸಣ್ಣ ಶಿಲುಬೆಯಂತಹ ಗುರುತುಗಳನ್ನು ನೀವು ಗಮನಿಸಿರಬಹುದು. ಅವು ಕ್ಯಾಮೆರಾದೊಳಗಿನ ಗಾಜಿನ ಮೇಲೆ 10 ಮಿ.ಮೀ. ಅಂತರದಲ್ಲಿ ಕೊರೆದ ಅಳತೆಯ ಗುರುತುಗಳು. ಈ ಸ್ಕ್ಯಾನಿನಲ್ಲಿ ಅಕ್ಕಪಕ್ಕದ ಎರಡು ಗುರುತುಗಳ ನಡುವೆ 2000 ಚುಕ್ಕಿಗಳು ಬರುತ್ತವೆ. ಇಂತಹ ಸ್ಕ್ಯಾನುಗಳನ್ನು ಆಧರಿಸಿ ಆಂಡಿ ಸಾಂಡರ್ಸ್ 2022ರಲ್ಲಿ ‘ಅಪೊಲೊ ರಿಮಾಸ್ಟರ್ಡ್’ ಎಂಬ ದೊಡ್ಡ ಚಿತ್ರಪುಸ್ತಕ ತಂದರು.

ಮಾಸ್ತರರ ಬಳಿ ಇನ್ನೂ ಸ್ಲೈಡುಗಳಿವೆಯೇ ಎಂದು ನಾನು ಆಸೆಯಿಂದ ಕೇಳಿದೆ. ಅದೇ ರಾತ್ರಿಯ ಒಂದಿಡೀ ಸುರುಳಿ ಇತ್ತಂತೆ. ಹಿಂದೊಮ್ಮೆ ಯಾರೋ ಎಲ್ಲವನ್ನೂ ಸ್ಕ್ಯಾನ್ ಮಾಡಿ ಸಿ.ಡಿ.ಗೆ ಹಾಕಿಕೊಟ್ಟಿದ್ದಾರೆ, ಸಿ.ಡಿ. ಇದೆಯಲ್ಲ ಎಂದು ಮನೆಯವರು ಡಬ್ಬಿಯನ್ನು ಎಸೆದಿದ್ದಾರೆ. ಪುಸ್ತಕವೊಂದರ ನಡುವೆ ಸಿಕ್ಕಿಕೊಂಡಿದ್ದ ಒಂದು ಮಾತ್ರ ಉಳಿದದ್ದು. ಸಿ.ಡಿ.ಯನ್ನು ತೆರೆದು ನೋಡಿದೆವು. ಮೂವತ್ತಕ್ಕೂ ಹೆಚ್ಚು ಚಿತ್ರಗಳು, ಎಲ್ಲದರಲ್ಲೂ ವೇಷದ ಹಿಂದೆ ಅದೇ ಡಾಂಬರು. ಕಡತದಲ್ಲಿ ಸೊನ್ನೆ ಎಂದು ಬರೆದ ಕಡೆ ಎಷ್ಟು ಬೆಳಕು ಹೆಚ್ಚಿಸಿದರೂ ಸೊನ್ನೆಯೇ.

ನಿಮ್ಮ ಮನೆಯಲ್ಲೂ ನೆಗೆಟಿವ್‌ಗಳ ಲಕೋಟೆ ಇರಬಹುದು. ಅಂಚನ್ನು ಮಾತ್ರ ಹಿಡಿದು ತೆಗೆಯಿರಿ. ವಿನೆಗರಿನಂತಹ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದು ತಿಳಿಯಿರಿ. ಅಂಥದನ್ನು ಉಳಿದವುಗಳಿಂದ ಬೇರೆ ಇಟ್ಟು ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಿ. ಡ್ರಮ್ ಸ್ಕ್ಯಾನರ್ ಸಿಗದಿದ್ದರೆ ಬೆಳಕಿನ ಹಲಗೆಯ ಮೇಲೆ ಫಿಲ್ಮನ್ನು ಇಟ್ಟು ಮ್ಯಾಕ್ರೋ ಮಸೂರದ ಡಿಜಿಟಲ್ ಕ್ಯಾಮೆರಾದಿಂದ ತೆಗೆಯುವ ಕ್ರಮವೂ ಇದೆ, ಅದರಲ್ಲಿ ಒಳ್ಳೆಯ ಫಲಿತಾಂಶ ಬರುತ್ತದೆ. ಕಡತವನ್ನು ಜೆಪಿಇಜಿಯಲ್ಲಿ ಕೊಟ್ಟರೆ ಸುಮ್ಮನಾಗದೆ 16 ಬಿಟ್‌ನ ಟಿಫ್ ಕೇಳಿ ಪಡೆಯಿರಿ. ಲಕೋಟೆಯನ್ನು ಸ್ಕ್ಯಾನ್ ಆದ ಮೇಲೂ ಒಣಗಿದ, ತಂಪಾದ ಜಾಗದಲ್ಲಿಡಿ. ಅಟ್ಟ ಬೇಡ, ಬೇಸಿಗೆಯಲ್ಲಿ ಹೆಂಚಿನಡಿ ಕೈ ಇಟ್ಟು ನೋಡಿದರೆ ಕಾರಣ ತಿಳಿಯುತ್ತದೆ.